ಸುಮ್ಮನಾಗದ ಗಂಟೆ

ಶೂದ್ರಕನ 'ಮೃಚ್ಛಕಟಿಕ'ದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಕೊರೆಯುವ ಪ್ರಸಂಗ ನಿಮಗೆಲ್ಲ ತಿಳಿದುದೇ. ಒಳಹೊಕ್ಕ ಅವನಿಗೆ ಒಂದು ಅಳುಕು. ಮನೆ ಹಳೆಯದು, ಬಾಗಿಲು ಕಿರುಗುಟ್ಟುತ್ತದೆ. ಅವನು ನೀರನ್ನು ಹುಡುಕಿ ಬಾಗಿಲಿಗೆ ಚಿಮುಕಿಸಿ, ಸದ್ದಾಗದಂತೆ ತೆರೆಯುತ್ತಾನೆ. ಬಡವನಾದ ಚಾರುದತ್ತನ ಮನೆಗಿದ್ದ ಕಾವಲುಗಂಟೆ ಆ ಕಿರುಗುಟ್ಟುವ ಬಾಗಿಲೊಂದೇ. ಕಳ್ಳನು ಅದರ ಬಾಯಿಯನ್ನು ಒಂದು ಬೊಗಸೆ ನೀರಿನಿಂದ ಮುಚ್ಚಿದನು.

ಈಗ ನಮ್ಮ ಪಟ್ಟಣಗಳ ಮನೆಗಳಲ್ಲಿ ವಿದ್ಯುತ್ತಿನ ಕಾವಲುಗಂಟೆಗಳಿವೆ. ಇದರ ಮೂಲ ಹಳೆಯದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಗಸ್ಟಸ್ ರಸೆಲ್ ಪೋಪ್ ಎಂಬ ಪಾದ್ರಿ 1853ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದನು. ಬಾಗಿಲು ತೆರೆದೊಡನೆ ವಿದ್ಯುತ್ತಿನ ಮಂಡಲ ಪೂರ್ಣಗೊಂಡು ಗಂಟೆ ಬಾರಿಸುವುದು ಅದರ ತತ್ತ್ವ. ಆದರೆ ಇಂಥ ಗಂಟೆಯ ತಂತಿಯನ್ನು ಮೊದಲೇ ಕತ್ತರಿಸಿಬಿಟ್ಟರೆ ಅದೂ ಮೂಕವಾಗುತ್ತದೆ.

ಆದುದರಿಂದ ಮುಂದಿನವರು ತತ್ತ್ವವನ್ನೇ ತಲೆಕೆಳಗು ಮಾಡಿದರು. ಈಗಿನ ವ್ಯವಸ್ಥೆಯಲ್ಲಿ ಬಾಗಿಲು ಮುಚ್ಚಿರುವಷ್ಟು ಹೊತ್ತೂ ತಂತಿಯಲ್ಲಿ ಅಲ್ಪವಾದ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಬಾಗಿಲಿನಲ್ಲಿ ಒಂದು ಅಯಸ್ಕಾಂತ, ಚೌಕಟ್ಟಿನಲ್ಲಿ ರೀಡ್ ಸ್ವಿಚ್ ಎಂಬ ಪುಟ್ಟ ಗಾಜಿನ ಕೊಳವೆ. ಕೊಳವೆಯೊಳಗಿನ ಎರಡು ತೆಳುವಾದ ಲೋಹದ ಪಟ್ಟಿಗಳನ್ನು ಅಯಸ್ಕಾಂತವು ಕೂಡಿಸಿ ಹಿಡಿದಿರುತ್ತದೆ. ಬಾಗಿಲು ತೆರೆದರೆ ಪಟ್ಟಿಗಳು ಅಗಲುತ್ತವೆ, ಪ್ರವಾಹ ನಿಲ್ಲುತ್ತದೆ, ಸೈರನ್ ಕೂಗುತ್ತದೆ. ತಂತಿ ಕತ್ತರಿಸಿದರೂ ಫಲ ಅದೇ. ಕರೆಂಟು ಹೋದರೆ ನೆರವಿಗೆ ಒಳಗೊಂದು 12 ವೋಲ್ಟಿನ ಬ್ಯಾಟರಿ ಇರುತ್ತದೆ. ಎಷ್ಟೋ ಸೈರನ್‌ಗಳ ಪೆಟ್ಟಿಗೆಯಲ್ಲಿ ಬೇರೊಂದು ಬ್ಯಾಟರಿಯೂ, ಮುಚ್ಚಳ ತೆಗೆದುದನ್ನು ಅರಿಯುವ ಸ್ವಿಚ್ಚೂ ಇರುತ್ತವೆ.

ಕಳ್ಳನಿಗಾಗಿ ಹೂಡಿದ ಈ ಜಾಣ್ಮೆ ರಿಪೇರಿಗೆ ಕೈಹಾಕಿದ ಮನೆಯೊಡೆಯನ ಮೇಲೂ ತಿರುಗುತ್ತದೆ. ಯಂತ್ರಕ್ಕೆ ಇಬ್ಬರಲ್ಲಿ ಭೇದವಿಲ್ಲ. ಇದನ್ನು ನಾನು ಕಲಿತದ್ದು ಸ್ವಾನುಭವದಿಂದ. ಸಡಿಲವಾದ ತಂತಿಯೊಂದನ್ನು ಬಿಗಿಮಾಡಲೆಂದು ಮೈನ್ ಸ್ವಿಚ್ ಆರಿಸಿ, ಇನ್ನು ಭಯವಿಲ್ಲವೆಂದು ಸ್ಟೂಲಿನ ಮೇಲೆ ನಿಂತು ಸೈರನ್ನಿನ ಮುಚ್ಚಳ ಬಿಚ್ಚಿದೆ. ಕಿವಿಯ ಪಕ್ಕದಲ್ಲೇ ಅದು ಅರಚಿತು. ನನ್ನಾಕೆ ಸ್ಟೂಲನ್ನು ಹಿಡಿದಿರದಿದ್ದರೆ ಈ ವಯಸ್ಸಿನಲ್ಲಿ ಸೊಂಟ ಮುರಿಯುತ್ತಿತ್ತು. ಮೈನ್ ಆರಿಸಿದ ಮಾತ್ರಕ್ಕೆ ಈ ಯಂತ್ರ ನಿದ್ರಿಸುವುದಿಲ್ಲ. ನಿದ್ರಿಸಬಾರದೆಂದೇ ಅದನ್ನು ಮಾಡಿರುವುದು.

ಹೀಗಾಗಿ ಕೆಲಸಕ್ಕೆ ಒಂದು ಕ್ರಮ ಬೇಕು. ಮೊದಲು ಮನೆಯವರಿಗೂ ನೆರೆಯವರಿಗೂ ತಿಳಿಸಬೇಕು. ಗಂಟೆಯು ದೂರವಾಣಿಯ ಮೂಲಕ ಕಾವಲು ಸಂಸ್ಥೆಯೊಂದಕ್ಕೆ ಸುದ್ದಿ ಮುಟ್ಟಿಸುವಂಥದಾದರೆ ಅವರಿಗೂ ಹೇಳಬೇಕು. ತಯಾರಕರ ಕೈಪಿಡಿಯಲ್ಲಿ ಹೇಳಿದಂತೆ ಯಂತ್ರವನ್ನು ಪರೀಕ್ಷೆಯ ಸ್ಥಿತಿಗೆ ತರಬೇಕು. ಟೆಸ್ಟರ್ ಬೆಳಗುತ್ತದೆಯೇ ಎಂದು ಕರೆಂಟಿರುವ ಕಡೆ ನೋಡಿಕೊಂಡು, ಆಮೇಲೆ ಮೈನ್ ಆರಿಸಿ, ಪೆಟ್ಟಿಗೆಯಲ್ಲಿ ಮತ್ತೆ ಪರೀಕ್ಷಿಸಬೇಕು. ಬೆಳಗದ ಟೆಸ್ಟರ್ ಕೆಟ್ಟಿದ್ದಿರಲೂಬಹುದಲ್ಲವೆ? ಬಳಿಕ ಬ್ಯಾಟರಿಯ ತಂತಿಗಳನ್ನು ಒಂದೊಂದಾಗಿ ಬಿಡಿಸಿ, ತುದಿಗಳಿಗೆ ಟೇಪು ಸುತ್ತಬೇಕು. 12 ವೋಲ್ಟು ಸಾಮಾನ್ಯವಾಗಿ ಮೈಗೆ ಆಘಾತ ಕೊಡದು, ನಿಜ. ಆದರೆ ಬ್ಯಾಟರಿಯ ಎರಡು ತುದಿಗಳ ನಡುವೆ ಬೆರಳಿನ ಉಂಗುರವೋ ತಿರುಪುಳಿಯೋ ಸಿಕ್ಕಿದರೆ ಭಾರಿ ಪ್ರವಾಹ ಹರಿದು ಲೋಹ ಕ್ಷಣದಲ್ಲಿ ಕಾಯುತ್ತದೆ. ಉಂಗುರ, ಗಡಿಯಾರಗಳನ್ನು ತೆಗೆದಿಟ್ಟೇ ಕುಳಿತುಕೊಳ್ಳಬೇಕು.

ಇದಕ್ಕಿಂತ ದೊಡ್ಡ ಅಪಾಯವೊಂದು ಕಣ್ಣಿಗೆ ಕಾಣದೆ ಅಡಗಿರುತ್ತದೆ. ಕಾವಲಿನ ಪೆಟ್ಟಿಗೆಯೊಳಗೆ ಒಂದು ಬದಿಗೆ ಮನೆಯ 230 ವೋಲ್ಟು ಬರುತ್ತದೆ, ಇನ್ನೊಂದು ಬದಿಯಿಂದ 12 ವೋಲ್ಟಿನ ಸಣ್ಣ ತಂತಿಗಳು ಹೊರಡುತ್ತವೆ. ಈ ಎರಡನ್ನೂ ಒಂದೇ ಪೈಪಿನಲ್ಲಿ ಎಳೆಯುವ ದುರಭ್ಯಾಸ ನಮ್ಮಲ್ಲಿದೆ. ಕಾಲಕ್ರಮದಲ್ಲಿ ಹೊದಿಕೆ ಸವೆದೋ, ಇಲಿ ಕಡಿದೋ ಎರಡೂ ಒಂದಕ್ಕೊಂದು ತಾಗಿದರೆ, ಬಾಗಿಲ ಬಳಿಯ ನಿರಪಾಯದ ತಂತಿಯಲ್ಲಿ ಪ್ರಾಣ ತೆಗೆಯುವ ವಿದ್ಯುತ್ತು ಕಾದಿರುತ್ತದೆ. ಮುಟ್ಟುವವನು ಅದನ್ನು ಇನ್ನೂ 12 ವೋಲ್ಟೆಂದೇ ನಂಬಿರುತ್ತಾನೆ. ಆದುದರಿಂದ ಸಣ್ಣ ತಂತಿಗಳಿಗೆ ಬೇರೆಯ ಪೈಪು, ಬೇರೆಯ ದಾರಿ ಇರಬೇಕು. ಗೋಡೆ ಕೊರೆಯುವಾಗಲೂ ಸ್ವಿಚ್ಚಿನ ಹಲಗೆಯ ಮೇಲೆ ಕೆಳಗೆ, ನೇರವಾಗಿ ತಂತಿ ಹುದುಗಿರುವ ಸಂಭವ ಹೆಚ್ಚೆಂಬುದನ್ನು ಮರೆಯಬಾರದು. ಮನೆಯಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟನ್ನು ಕಡಿಯುವ ಬ್ರೇಕರ್ ಇದ್ದರೆ ಒಳ್ಳೆಯದು. ಅದು ಎಚ್ಚರಿಕೆಗೆ ಬದಲಿಯಲ್ಲ, ಎಚ್ಚರ ತಪ್ಪಿದಾಗಿನ ಆಸರೆ.

ಹಾಗಾದರೆ ಮನೆಯೊಡೆಯನು ಮಾಡಬಹುದಾದುದೇನು? ಬಾಗಿಲ ಬಳಿ ಸಡಿಲವಾದ ಸಣ್ಣ ತಂತಿಯನ್ನು ಬಿಗಿಮಾಡುವುದು, ಕೆಟ್ಟ ರೀಡ್ ಸ್ವಿಚ್ಚನ್ನು ಬದಲಿಸುವುದು, ಕೊನೆಗೆ ಒಂದೊಂದು ಬಾಗಿಲನ್ನೂ ತೆರೆದು ಗಂಟೆ ಕೂಗುವುದನ್ನು ಪರೀಕ್ಷಿಸುವುದು. ಇಷ್ಟನ್ನು ಮಾಡಬಹುದು. 230 ವೋಲ್ಟಿನ ಬದಿಯನ್ನು ಪರವಾನಗಿ ಪಡೆದ ಕೆಲಸಗಾರನಿಗೇ ಬಿಡಬೇಕು. ಅವನಿಗೆ ಕೊಡುವ ಕೂಲಿಯಲ್ಲಿ ಜಿಪುಣತನ ಸಲ್ಲದು.

ಶರ್ವಿಲಕನು ಕದ್ದೊಯ್ದ ಒಡವೆಗಳ ಗಂಟು ನಾಟಕದಲ್ಲಿ ವಸಂತಸೇನೆಗೆ ಮರಳಿ ದೊರೆಯಿತು. ಜೀವ ಹಾಗೆ ಮರಳುವ ವಸ್ತುವಲ್ಲ. ಒಡವೆಯನ್ನು ಕಾಯಲು ಹೊರಟವರು ಮೊದಲು ಅದನ್ನು ಕಾಯ್ದುಕೊಳ್ಳಬೇಕು.