ಮಗುವಿನ ವರ್ತನೆ ಮತ್ತು ತರಬೇತಿ: ಯೋಜನೆ, ದಾಖಲೆ, ಮಾರ್ಪಾಡು

ಆಟಿಸಂ ಅಥವಾ ಬೌದ್ಧಿಕ ಅಸಾಮರ್ಥ್ಯವುಳ್ಳ ಮಗುವು ಕಿರುಚಿದಾಗ ಅಥವಾ ತಲೆಗೆ ಹೊಡೆದುಕೊಂಡಾಗ ಹಟಮಾರಿಯೆಂದು ಗದರಿಸುವುದು ವಾಡಿಕೆ. ಆದರೆ ಮಾತು ಬಾರದ ಮಗುವಿಗೆ ಅಂಥ ವರ್ತನೆಯೇ ಭಾಷೆಯಾಗಿರಬಹುದು. ವರ್ತನೆಗೆ ಮುಂಚೆ ಏನು ನಡೆಯಿತು, ಅದರಿಂದ ಮಗುವಿಗೆ ಏನು ದೊರೆಯಿತು ಎಂಬುದನ್ನು ಅರಿತು, ಅದೇ ಅಗತ್ಯವನ್ನು ತಿಳಿಸುವ ಬೇರೆ ದಾರಿಯನ್ನು ಕಲಿಸುವ ಶಾಸ್ತ್ರಕ್ಕೆ ಅನ್ವಯಿಕ ವರ್ತನಾ ವಿಶ್ಲೇಷಣೆ ಎಂದು ಹೆಸರು. 1968ರಲ್ಲಿ ಅಮೆರಿಕದ ಬೇರ್, ವುಲ್ಫ್ ಮತ್ತು ರಿಸ್ಲಿ ಎಂಬ ವಿದ್ವಾಂಸರು ಇದರ ಲಕ್ಷಣಗಳನ್ನು ನಿರೂಪಿಸಿದರು.

ಭಾರತೀಯ ಮಾಪನ

1984ರಲ್ಲಿ ಸಿಕಂದರಾಬಾದಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆಗಾಗಿ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಅವರು 1992ರಲ್ಲಿ 'ಬೇಸಿಕ್-ಎಂಆರ್' ಎಂಬ ಮಾಪನವನ್ನು ಸಿದ್ಧಪಡಿಸಿದರು. ಇದರ ಮೊದಲ ಭಾಗದಲ್ಲಿ ಊಟ, ಉಡುಪು, ಮಾತು, ಲೆಕ್ಕ ಮುಂತಾದ ಕೌಶಲಗಳಿಗೆ ಸಂಬಂಧಿಸಿದ 280 ಅಂಶಗಳೂ, ಎರಡನೆಯ ಭಾಗದಲ್ಲಿ ಸಮಸ್ಯಾತ್ಮಕ ವರ್ತನೆಗಳ 75 ಅಂಶಗಳೂ ಇವೆ. ಮಗುವು ಒಂದು ಕೆಲಸವನ್ನು ತಾನಾಗಿಯೇ ಮಾಡುವುದೋ, ಹೇಳಿಕೊಟ್ಟರೆ ಮಾಡುವುದೋ, ಕೈಹಿಡಿದು ಮಾಡಿಸಬೇಕೋ ಎಂಬುದಕ್ಕೆ ಇಲ್ಲಿ ಬೇರೆ ಬೇರೆ ಅಂಕಗಳುಂಟು. ಆದುದರಿಂದ ಅಲ್ಪ ಪ್ರಗತಿಯೂ ಕಣ್ಣಿಗೆ ಬೀಳುತ್ತದೆ.

ಯೋಜನೆ

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ವಿಶಾಖಪಟ್ಟಣದಲ್ಲಿ ಬ್ಯಾಂಕ್ ನೌಕರಿಯಲ್ಲಿರುವ ಕನ್ನಡ ಕುಟುಂಬವೊಂದರ ಆರು ವರ್ಷದ ಮಗುವು ಪದೇ ಪದೇ ತಲೆಗೆ ಹೊಡೆದುಕೊಳ್ಳುತ್ತದೆ. ಕಿವಿನೋವು, ಹಲ್ಲುನೋವು ಮುಂತಾದ ಕಾರಣಗಳಿಲ್ಲವೆಂದು ಮೊದಲು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು. ಅನಂತರ ಏನನ್ನೂ ಬದಲಿಸದೆ ಐದು ದಿನ ಎಣಿಸಬೇಕು. ಎಣಿಕೆ 12, 10, 14, 11, 13 ಎಂದು ಬಂದರೆ ಸರಾಸರಿ 12. ಮುಂದಿನ ಹೋಲಿಕೆಗೆ ಇದೇ ಆಧಾರ. ಪಾಠಕ್ಕೆ ಕೂರಿಸಿದಾಗಲೇ ಹೆಚ್ಚಾಗಿ ಹೀಗಾಗುತ್ತದೆ ಮತ್ತು ಹೊಡೆದುಕೊಂಡೊಡನೆ ಪಾಠ ನಿಲ್ಲುತ್ತದೆ ಎಂಬುದು ಟಿಪ್ಪಣಿಯಿಂದ ತಿಳಿದುಬರುತ್ತದೆ. ಅಂದರೆ ಮಗುವು ವಿಶ್ರಾಂತಿಯನ್ನು ಕೇಳುತ್ತಿದೆ.

ಆಗ ಗುರಿಯನ್ನು ಅಳೆಯಬಹುದಾದ ಮಾತುಗಳಲ್ಲಿ ಬರೆಯಬೇಕು: 'ಪಾಠ ಸಾಕೆನಿಸಿದಾಗ ಮಗುವು ಚಿತ್ರಚೀಟಿಯನ್ನು ಕೊಡಬೇಕು, 10 ಸಂದರ್ಭಗಳಲ್ಲಿ 8ರಲ್ಲಿ, ಸತತ ಮೂರು ದಿನ.' ಚೀಟಿ ಕೊಟ್ಟೊಡನೆ ವಿಶ್ರಾಂತಿ ದೊರೆಯಬೇಕು. 'ಮಗು ಸುಧಾರಿಸಬೇಕು' ಎಂಬುದು ಆಶಯವೇ ಹೊರತು ಗುರಿಯಲ್ಲ.

ದಾಖಲೆ

ಪ್ರತಿದಿನದ ಎಣಿಕೆಯನ್ನು ಅಂದೇ ಬರೆದಿಡಬೇಕು. ಮೊದಲ ವಾರದ ಸರಾಸರಿ 14ಕ್ಕೆ ಏರಿತೆನ್ನೋಣ. ಹಳೆಯ ದಾರಿ ಫಲಿಸದಾಗ ವರ್ತನೆಯು ಕೆಲಕಾಲ ಹೆಚ್ಚುವುದುಂಟು. ಮಗುವಿಗೆ ಪೆಟ್ಟಾಗದಂತೆ ಕಾಯಬೇಕು, ಆದರೆ ಒಂದೆರಡು ದಿನದ ಏರಿಳಿತವನ್ನು ನೋಡಿ ಯೋಜನೆಯನ್ನು ಕೈಬಿಡಬಾರದು. ಏರಿಕೆ ಮುಂದುವರಿದರೆ ಅಥವಾ ಗಾಯವಾಗುವ ಭಯವಿದ್ದರೆ ತಡಮಾಡದೆ ತಜ್ಞರನ್ನು ಕಾಣಬೇಕು.

ಮಾರ್ಪಾಡು

ಎರಡನೆಯ ವಾರ 9, ಮೂರನೆಯ ವಾರ 6. ಆಮೇಲೆ ಎರಡು ವಾರ 6ರಲ್ಲಿಯೇ ನಿಂತಿತು. ಈಗ ದೋಷವನ್ನು ಮಗುವಿನಲ್ಲಿ ಹುಡುಕದೆ ಯೋಜನೆಯಲ್ಲಿ ಹುಡುಕಬೇಕು. ಮೊದಲ ಪ್ರಶ್ನೆ: ಯೋಜನೆಯು ಬರೆದಂತೆಯೇ ನಡೆಯುತ್ತಿದೆಯೆ? ವಿಚಾರಿಸಿದಾಗ, ಮನೆಯಲ್ಲಿ ಚೀಟಿಯೊಡನೆ 'ಸಾಕು' ಎಂದೂ ತರಬೇತಿ ಕೇಂದ್ರದಲ್ಲಿ ಚೀಟಿಯಿಲ್ಲದೆ ತೆಲುಗಿನ 'ಚಾಲು' ಎಂಬ ಪದವನ್ನೂ ಕಲಿಸುತ್ತಿರುವುದು ತಿಳಿಯುತ್ತದೆ. ಎರಡೂ ಕಡೆ ಒಂದೇ ಚೀಟಿಯನ್ನು ಬಳಸಿದಾಗ ಎಣಿಕೆ 2ಕ್ಕೆ ಇಳಿಯುತ್ತದೆ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಹಲವನ್ನು ಏಕಕಾಲಕ್ಕೆ ಬದಲಿಸಿದರೆ ಯಾವುದು ಫಲ ನೀಡಿತೆಂದು ತಿಳಿಯದು.

ತಂದೆಗೆ ವಿಜಯವಾಡಕ್ಕೆ ವರ್ಗವಾಯಿತೆನ್ನೋಣ. ಹೊಸ ಮನೆ, ಹೊಸ ಶಿಕ್ಷಕಿ. ಎಣಿಕೆ ಮತ್ತೆ 8ಕ್ಕೆ ಏರಬಹುದು. ದಾಖಲೆಯಿಲ್ಲದಿದ್ದರೆ ಹಿಂದಿನ ತಿಂಗಳುಗಳ ಶ್ರಮವೆಲ್ಲ ವ್ಯರ್ಥವಾಗಿ, ಮಗುವಿಗೆ ಮತ್ತೆ 'ಹಟಮಾರಿ' ಎಂಬ ಹೆಸರೇ ಉಳಿದೀತು. ನೋಟ್‌ಪುಸ್ತಕವಿದ್ದರೆ ಯಾವುದು ಫಲಿಸಿತ್ತು, ಯಾವುದು ಫಲಿಸಲಿಲ್ಲ ಎಂಬುದನ್ನು ಹೊಸ ಶಿಕ್ಷಕಿ ಮೊದಲ ದಿನವೇ ಅರಿಯಬಲ್ಲರು. ಹಳೆಯ ಚೀಟಿಯನ್ನೇ ಮುಂದುವರಿಸಿ, ಹೊಸದಾಗಿ ಎಣಿಸಿ, ಪಾಠದ ಅವಧಿಯನ್ನು ಕೆಲಕಾಲ ಕಡಿಮೆ ಮಾಡಬಹುದು.

ನೆನಪಿಡಬೇಕಾದ ಅಂಶಗಳು

ಹೊಡೆಯುವುದು, ಕಟ್ಟಿಹಾಕುವುದು, ಊಟ ತಪ್ಪಿಸುವುದು ತರಬೇತಿಯಲ್ಲ. ಅಂಗವಿಕಲ ವ್ಯಕ್ತಿಗಳನ್ನು ಕ್ರೌರ್ಯದಿಂದ ರಕ್ಷಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ವಿಧಿಸಿದೆ. ಆಟಿಸಂ ಸಹ ಈ ಅಧಿನಿಯಮದ ವ್ಯಾಪ್ತಿಗೆ ಸೇರಿದೆ. ಕೈ ಆಡಿಸುವುದು, ತೂಗಾಡುವುದು ಮುಂತಾದ ನಿರಪಾಯಕರ ಅಭ್ಯಾಸಗಳನ್ನು ಇತರರಂತೆ ಕಾಣಲೆಂದಷ್ಟೇ ಬಿಡಿಸುವ ಅಗತ್ಯವಿಲ್ಲ. ಗುರಿಯು ಮಗುವಿನ ಸುರಕ್ಷತೆಗೂ ಸ್ವಾವಲಂಬನೆಗೂ ನೆರವಾಗುವಂತಿರಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ತಪಾಸಣೆಗೂ, ಜಿಲ್ಲಾ ಮಟ್ಟದಲ್ಲಿ ಶೀಘ್ರ ಚಿಕಿತ್ಸಾ ಕೇಂದ್ರಗಳಿಗೂ ಅವಕಾಶ ಕಲ್ಪಿಸಲಾಗಿದೆ. ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ವಿಚಾರಿಸಿಕೊಳ್ಳುವುದು ಒಳಿತು. ತಜ್ಞರನ್ನು ಕಾಣಲು ಹೋಗುವಾಗ ಐದು ದಿನದ ಎಣಿಕೆಯನ್ನು ಬರೆದು ಕೊಂಡೊಯ್ದರೆ, ಮಗುವಿನ ಯೋಜನೆಯು ಊಹೆಯಿಂದಲ್ಲದೆ ತಿಳಿವಳಿಕೆಯಿಂದ ಆರಂಭವಾಗುತ್ತದೆ.