ಗೆರೆಗೆ ದಪ್ಪ ಕೊಡುವವರು ಯಾರು?

ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಗಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕಿಕೊಂಡ. ಅಂಕೋಲೆಯ ಓದುಗರೊಬ್ಬರು ಕೇಳುತ್ತಾರೆ: ‘ಇಷ್ಟೆಲ್ಲ ಕಂಪ್ಯೂಟರ್ ಬಂದಿದೆಯಲ್ಲ, ಸೇತುವೆಯನ್ನು ಅದರೊಳಗೆ ಹಾಕಿ ನೋಡಿದ್ದರೆ ಮೊದಲೇ ತಿಳಿಯುತ್ತಿರಲಿಲ್ಲವೇ?’ ಆ ಸೇತುವೆ ಏಕೆ ಬಿತ್ತೆಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ‘ಒಳಗೆ ಹಾಕಿ ನೋಡುವುದು’ ಎಂದರೇನೆಂದು ಹೇಳಬಲ್ಲೆ.

ಇಂಜಿನಿಯರುಗಳು ಸೇತುವೆಯನ್ನು ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ತಂತ್ರಾಂಶದಲ್ಲಿ ತೊಲೆ, ಅಂದರೆ ಬೀಮ್, ಬರೀ ಒಂದು ಗೆರೆ. ಎರಡು ಬಿಂದು, ನಡುವೆ ಒಂದು ಗೀಟು. ಆ ಗೀಟಿಗೆ ಅಗಲವಿಲ್ಲ, ದಪ್ಪವಿಲ್ಲ. ಅದು ಉಕ್ಕಿನ ಗರ್ಡರೋ ಹಂಚಿನ ಮಾಡಿನ ಪಕಾಸಿಯೋ ಎಂಬುದು ಯಂತ್ರಕ್ಕೆ ತಿಳಿಯದು. ಇಂಜಿನಿಯರ್ ಅದಕ್ಕೊಂದು ಅಡ್ಡಕೊಯ್ತ ಕೊಡಬೇಕು. ಅವರ ಮಾತಿನಲ್ಲಿ, ‘ಸೆಕ್ಷನ್ ಅಸೈನ್’ ಮಾಡಬೇಕು. ಆ ಸೆಕ್ಷನ್ ಕೂಡ ಒಳಗೆ ಹೋಗುವುದು ನಾಲ್ಕಾರು ಅಂಕಿಗಳಾಗಿ: ವಿಸ್ತೀರ್ಣ, ಎರಡು ದಿಕ್ಕಿನಲ್ಲಿ ಬಾಗುವುದಕ್ಕೆ ಒಡ್ಡುವ ಪ್ರತಿರೋಧ, ತಿರುಚುವುದಕ್ಕೆ ಒಡ್ಡುವ ಪ್ರತಿರೋಧ.

ವಿಸ್ತೀರ್ಣ ಒಂದೇ ಇದ್ದರೂ ಬಾಗುವ ಅಂಕಿ ಬೇರೆಯಾಗುತ್ತದೆ. ಇದನ್ನು ಅಂಕೋಲೆ ಕಡೆ ಹಳ್ಳಕ್ಕೆ ಹಾಕುವ ಸಂಕದಲ್ಲೇ ನೋಡಬಹುದು. 20 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪದ ಹಲಗೆಯನ್ನು ಮಲಗಿಸಿ ಹಾಕಿದರೆ ನಡುವೆ ಕಾಲಿಟ್ಟೊಡನೆ ಜಗ್ಗುತ್ತದೆ. ಅದನ್ನೇ ಮಗ್ಗುಲಾಗಿ ನಿಲ್ಲಿಸಿದರೆ 16 ಪಟ್ಟು ಗಡಸು. ನಡೆಯಲು ಬಾರದು, ಅದು ಬೇರೆ ಮಾತು. ತೊಲೆ ಬಾಗುವಾಗ ಮೇಲಿನ ಪದರ ಕುಗ್ಗುತ್ತದೆ, ಕೆಳಗಿನದು ಹಿಗ್ಗುತ್ತದೆ, ನಟ್ಟನಡುವಿನದಕ್ಕೆ ಹೆಚ್ಚು ಕೆಲಸವಿಲ್ಲ. ನಡುವಿನಿಂದ ಎಷ್ಟು ದೂರವೋ ಆ ದೂರದ ವರ್ಗದಷ್ಟು ಬೆಲೆ ಆ ಪದರಕ್ಕೆ. ಸಂಕಕ್ಕೆ ಹಾಕುವ ಅಡಿಕೆ ಮರವನ್ನು ಸೀಳಿ ನೋಡಿ: ಗಟ್ಟಿ ನಾರೆಲ್ಲ ಹೊರಸುತ್ತಿನಲ್ಲಿ, ಒಳಗೆ ಮೆತ್ತನೆಯ ತಿರುಳು. ದಬ್ಬೆ ಮಾಡುವಾಗ ಆ ತಿರುಳನ್ನು ಕೆತ್ತಿ ಎಸೆದರೂ ನಷ್ಟವಿಲ್ಲ. ಉಕ್ಕಿನ ‘ಐ’ ಆಕಾರದ ತೊಲೆಯಲ್ಲಿ ಇರುವುದೂ ಇದೇ ಉಪಾಯ.

ತೊಲೆಯ ಬಲವನ್ನು ಮೊದಲು ಲೆಕ್ಕಕ್ಕೆ ಇಳಿಸಿದವನು ಗೆಲಿಲಿಯೋ. ಗೃಹಬಂಧನದಲ್ಲಿದ್ದ ಮುದುಕ, 1638ರಲ್ಲಿ ಹೊರಬಂದ ತನ್ನ ಕೊನೆಯ ಪುಸ್ತಕದಲ್ಲಿ, ನಿಲ್ಲಿಸಿದ ಪಟ್ಟಿ ಮಲಗಿಸಿದ ಪಟ್ಟಿಗಿಂತ ಎಷ್ಟು ಪಟ್ಟು ಹೆಚ್ಚು ಭಾರ ತಡೆದೀತು ಎಂಬ ಅನುಪಾತವನ್ನು ಸರಿಯಾಗಿಯೇ ಹೇಳಿದ. ಆದರೆ ತೊಲೆಯ ಇಡೀ ಅಡ್ಡಕೊಯ್ತ ಒಂದೇ ಸಮ ಎಳೆತಕ್ಕೆ ಸಿಕ್ಕಿ, ಒಂದಂಚನ್ನು ಆಧರಿಸಿ ತಿರುಗುತ್ತದೆಂದು ಎಣಿಸಿದ್ದರಿಂದ ಅವನ ತೊಲೆಗೆ ಲೆಕ್ಕದಲ್ಲಿ ಮೂರು ಪಟ್ಟು ಬಲ ಬಂದುಬಿಟ್ಟಿತು! 1713ರಲ್ಲಿ ಫ್ರಾನ್ಸಿನ ಪಾರಾಂ ಇದನ್ನು ತಿದ್ದಿದರೂ ಯಾರೂ ಕಿವಿಗೊಡಲಿಲ್ಲ. ಆಯ್ಲರ್, ಬರ್ನೂಲಿ, ಕೂಲಂಬ್ ಎಲ್ಲ ಬಂದು ಹೋಗಿ, 1826ರಲ್ಲಿ ನೇವಿಯರ್‌ನ ಪಾಠಗಳಲ್ಲಿ ವಿಷಯ ನೆಲೆಗೆ ನಿಂತಿತು. ಇಂದಿನ ತಂತ್ರಾಂಶಗಳ ಬೀಮ್ ಎಲಿಮೆಂಟಿನ ಬೇರು ಅಲ್ಲಿದೆ. ‘ಫೈನೈಟ್ ಎಲಿಮೆಂಟ್’ ಎಂಬ ಹೆಸರನ್ನು ರೇ ಕ್ಲಫ್ ಇಟ್ಟಿದ್ದು 1960ರಲ್ಲಿ.

ಈಗ ಎಡವುವ ಜಾಗಕ್ಕೆ ಬರೋಣ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಐಎಸ್‌ಎಂಬಿ 300 ಎಂಬ ಉಕ್ಕಿನ ‘ಐ’ ತೊಲೆಗೆ ನಿಂತ ದಿಕ್ಕಿನ ಬಾಗುವ ಅಂಕಿ ಸುಮಾರು 8,600, ಮಲಗಿದ ದಿಕ್ಕಿನದು ಸುಮಾರು 450. ಅಂದರೆ 19 ಪಟ್ಟು ಅಂತರ. ಗೆರೆಯ ಸುತ್ತ ಸೆಕ್ಷನ್ ಯಾವ ಕಡೆ ಮುಖ ಮಾಡಿದೆ ಎಂಬುದನ್ನೂ ಹೇಳಬೇಕು. ಸ್ಟಾಡ್ ಪ್ರೊ ಎಂಬ ತಂತ್ರಾಂಶದಲ್ಲಿ ಇದಕ್ಕೆ ಬೀಟಾ ಕೋನವಿದೆ. ಅದು 90 ಡಿಗ್ರಿ ತಪ್ಪಿದರೆ ಯಂತ್ರ ಗೊಣಗುವುದಿಲ್ಲ. ಮಲಗಿದ ತೊಲೆಗೆ ಲೆಕ್ಕ ಮಾಡಿ, ದಶಮಾಂಶದ ನಾಲ್ಕು ಸ್ಥಾನದವರೆಗೆ ಉತ್ತರ ಕೊಡುತ್ತದೆ. ತಿರುಚುವಿಕೆಯ ಅಂಕಿಯಂತೂ ಇನ್ನೂ ನಾಜೂಕು: ಗೋಡೆ ದಪ್ಪದ ಹತ್ತು ಪಟ್ಟು ತ್ರಿಜ್ಯವಿರುವ ಕೊಳವೆಯನ್ನು ಉದ್ದಕ್ಕೆ ಒಂದು ಕಡೆ ಸೀಳಿದರೆ ಆ ಅಂಕಿ 300 ಪಟ್ಟು ಇಳಿಯುತ್ತದೆ, ಬಾಗುವ ಅಂಕಿ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಕಾರವಾರದಂಥ ಊರಿನಲ್ಲಿ ಮತ್ತೊಂದು ತೊಡಕು ಉಪ್ಪುಗಾಳಿ. ಅದೇ ಐಎಸ್‌ಎಂಬಿ 300ರ ಮೈಯಿಂದ ಎಲ್ಲ ಕಡೆ ಒಂದೊಂದು ಮಿಲಿಮೀಟರ್ ಕಳೆದು ಲೆಕ್ಕ ಹಾಕಿದರೆ ಬಾಗುವ ಅಂಕಿ ಶೇ. 18ರಷ್ಟು ಕುಸಿಯುತ್ತದೆ. ತಂತ್ರಾಂಶದ ಪಟ್ಟಿಯಲ್ಲಿರುವುದೋ ಕಾರ್ಖಾನೆಯಿಂದ ಹೊರಬಂದ ದಿನದ ತೊಲೆ. ಕಾಂಕ್ರೀಟಿನಲ್ಲಾದರೆ ಸವೆತ ಕಣ್ಣಿಗೂ ಕಾಣದು. ನೆರೆಯ ಪಣಜಿಯಲ್ಲಿ 1986ರ ಜುಲೈ 5ರಂದು ಮಾಂಡವಿ ಸೇತುವೆ ಬಿದ್ದಾಗ, ಒಳಗೆ ಬಿಗಿದಿದ್ದ ಉಕ್ಕಿನ ಕೇಬಲ್‌ಗಳನ್ನು ತುಕ್ಕು ತಿಂದಿತ್ತು.

ಹೀಗಾಗಿ ‘ಡಿಜಿಟಲ್ ಅವಳಿ’, ‘ಕೃತಕ ಬುದ್ಧಿಮತ್ತೆಯ ಸೇತುವೆ ತಪಾಸಣೆ’ ಎಂಬ ಜಾಹೀರಾತು ಕಂಡಾಗ ನನಗೆ ಅಷ್ಟೇನೂ ಹುರುಪು ಬರುವುದಿಲ್ಲ. ಕಂಪ್ಯೂಟರಿನೊಳಗಿನ ಆ ಅವಳಿ ಸೇತುವೆಗೂ ದಪ್ಪವನ್ನು ಯಾರಾದರೂ ಅಳೆದೇ ಕೊಡಬೇಕು. ಉಕ್ಕಿನ ದಪ್ಪವನ್ನು ಶ್ರವಣಾತೀತ ಅಲೆಗಳಿಂದ ಅಳೆಯುವ, ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡ ಉಪಕರಣ ಎಂದೋ ಬಂದಿದೆ. ನಿಮ್ಮೂರಿನ ಸೇತುವೆ ಭದ್ರವೆಂದು ಯಾರಾದರೂ ಬಣ್ಣಬಣ್ಣದ ಕಂಪ್ಯೂಟರ್ ಚಿತ್ರ ತೋರಿಸಿದರೆ, ಅದರಲ್ಲಿರುವ ದಪ್ಪವನ್ನು ಸ್ಥಳದಲ್ಲಿ ಅಳೆದಿದ್ದು ಯಾವ ವರ್ಷ ಎಂದು ಕೇಳಿ.