ನಿಮಗಿದು ಗೊತ್ತೆ? ಎರೆಮಣ್ಣಿನ ಮೇಲೆ ಫರಸಿ ನಿಲ್ಲುವುದಿಲ್ಲ ಏಕೆ?

ಗದಗ, ವಿಜಯಪುರದ ಕಡೆ ಮನೆಯಂಗಳಕ್ಕೆ ಹಾಸಿದ ಶಹಾಬಾದಿ ಫರಸಿ ಎರಡು ಮಳೆಗಾಲ ಕಳೆಯುವುದರೊಳಗೆ ಒಂದು ಮೂಲೆ ಎದ್ದು, ಇನ್ನೊಂದು ಕುಸಿದು, ಕಾಲಿಗೆ ಎಡವತೊಡಗುತ್ತದೆ. ಬೈಗುಳ ಗೌಂಡಿಗೆ. ಆದರೆ ಬಹುಪಾಲು ತಪ್ಪು ಕೆಳಗಿನ ಎರೆಮಣ್ಣಿನದು. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ.

ಬಿರುಕಿಗೆ ಸಿಮೆಂಟು ಮೆತ್ತುವುದು ದುಡ್ಡಿಗೆ ದಂಡ. ಮುಂದಿನ ಮುಂಗಾರಿಗೆ ಪಕ್ಕದಲ್ಲೇ ಇನ್ನೊಂದು! ಫರಸಿ ಕಿತ್ತು, ಸಾಧ್ಯವಾದಷ್ಟು ಎರೆ ತೆಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ಧಮ್ಮಸು ಹೊಡೆಯಬೇಕು. ಬರೀ ಮರಳು ಸಾಲದು. ಅದು ಮಳೆನೀರನ್ನು ಸಲೀಸಾಗಿ ಎರೆಗೆ ಇಳಿಸುತ್ತದೆ. ಉಬ್ಬದ, ಆದರೆ ಅಂಟುಳ್ಳ ಮಣ್ಣಿನ ಸುಮಾರು 1 ಮೀಟರ್ ಪದರ ಎರೆಯ ಉಬ್ಬರವನ್ನು ಹತ್ತಿಕ್ಕುತ್ತದೆಂದು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ತೋರಿಸಿಕೊಟ್ಟಿದ್ದರು. ಕಾಲುವೆಗಳ ಕೆಲಸದಲ್ಲಿ ಈ ವಿಧಾನ ಬಳಕೆಗೆ ಬಂತು. ಅಂಗಳಕ್ಕೆ ಅಷ್ಟು ಆಳ ಯಾರೂ ಅಗೆಯುವುದಿಲ್ಲ, ನಿಜ. ಕನಿಷ್ಠ ಮಾಳಿಗೆ ನೀರಿನ ಪೈಪನ್ನಾದರೂ ಫರಸಿಯ ಅಂಚಿಗೆ ಬಿಡದೆ ಗಟಾರಕ್ಕೆ ಸೇರಿಸಿ. ಹಾಸು ಮನೆಯಿಂದ ಹೊರಕ್ಕೆ ಇಳಿಜಾರಾಗಿರಲಿ. ಗೋಡೆಗೆ ಬಿಗಿದು ಕೂರಿಸದೆ ಬೆರಳು ಹಿಡಿಸುವಷ್ಟು ಸಂದು ಬಿಟ್ಟು, ಅದಕ್ಕೆ ಡಾಂಬರು ತುಂಬಿ.